ಸಿಸ್ಟರ್ ಸುಜಾತಾಳ ಒರಿಜಿನಲ್ಸ್

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ. ಸರ್ಕಾರಿ ಸೇವೆಯಿಂದ ನಿವೃತ್ತಳಾಗಿದ್ದ ನಾನು ಬೀದರ್ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ಡ್ಯೂಟಿ ಹಂಚುವುದು, ವಾರ್ಡ್ ರೌಂಡ್ಸ್, ರಾಜೀನಾಮೆ ಕೊಟ್ಟವರನ್ನು ಕೂರಿಸಿ ಮಾತಾಡಿಸುವುದು ನನ್ನ ಕೆಲಸ. ಕೊನೆಯದೇ ಹೆಚ್ಚು, ಹುಡುಗಿಯರು ನಿಲ್ಲುತ್ತಿರಲಿಲ್ಲ.

ಅವರು ನಿಲ್ಲಲೆಂದೇ ಮಾಲೀಕರು ಒಂದು ಪದ್ಧತಿ ಮಾಡಿದ್ದರು. ಸೇರುವ ದಿನವೇ ಎಸ್ಸೆಸ್ಸೆಲ್ಸಿ, ಪಿಯುಸಿ, ನರ್ಸಿಂಗ್ ಒರಿಜಿನಲ್ ಸರ್ಟಿಫಿಕೇಟುಗಳು ಆಫೀಸಿನ ಕಪಾಟು ಸೇರುತ್ತಿದ್ದವು. ಬಿಡುವವರಿಗೆ ಮೂರು ತಿಂಗಳ ನೋಟಿಸ್ ಮುಗಿದ ಮೇಲೆಯೇ ವಾಪಸ್. ಲಗ್ನಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಗಲ್ಫ್‌ಗೆ ಹಾರುವವರೂ ಪಕ್ಕದ ನರ್ಸಿಂಗ್ ಹೋಮ್ ಸೇರುವವರೂ ಲಗ್ನವೆಂದೇ ಹೇಳುತ್ತಿದ್ದರು. ಮೆಹಂದಿಯಿಲ್ಲದ ಎಷ್ಟೋ ಮದುವಣಗಿತ್ತಿಯರನ್ನು ನಾನು ಬೀಳ್ಕೊಟ್ಟಿದ್ದೆ.

ಐಸಿಯುವಿನ ಸ್ಟಾಫ್ ನರ್ಸ್ ಸುಜಾತಾ ಬಂದು, "ಲಗ್ನ ಅದರಿ ಮೇಡಂ. ಮುಂದಿನ ವಾರದಾಗ ಒರಿಜಿನಲ್ಸ್ ಬೇಕ್ರಿ" ಎಂದಾಗ ನನಗೆ ನಂಬಿಕೆ ಬರಲಿಲ್ಲ. ಟು ಬಿ ಫ್ರಾಂಕ್, ನಮ್ಮ ಹಾಸ್ಟೆಲಿನಲ್ಲಿ ಒಬ್ಬಳಿಗೆ ಗಂಡು ನೋಡಲು ಬಂದರೂ ಅಡುಗೆಯವಳಿಗೆ ಮೊದಲು ಗೊತ್ತಾಗುತ್ತಿತ್ತು. ಇವಳ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಅವಳ ತಂದೆ ಔರಾದಿನಲ್ಲಿ ಟೈಲರ್. ಫೋನ್ ಮಾಡಿ ಕಂಗ್ರಾಜುಲೇಷನ್ಸ್ ಹೇಳಿದೆ.

"ಯಾರ ಲಗ್ನರಿ ಮೇಡಂ?" ಎಂದರು. ಹಿಂದಿನಿಂದ ಹೆಣ್ಣುಧ್ವನಿಯೊಂದು ಗದರಿತು. "ಹಾಂ, ಹೌದ್ರಿ, ಹೌದ್ರಿ, ಅದರಿ ಲಗ್ನ" ಎಂದು ಫೋನ್ ಇಟ್ಟುಬಿಟ್ಟರು.

ದಿನವೂ ಭಾಲ್ಕಿಯಿಂದ ಬರುತ್ತಿದ್ದ ನಮ್ಮ ಫಾರ್ಮಸಿಸ್ಟ್ ಇರ್ಫಾನ್ ಇನ್ನಷ್ಟು ಉಪ್ಪುಖಾರ ಹಚ್ಚಿದ. "ಮೇಡಂ, ಈಕಿ ವರ್ಷದಿಂದ ಪ್ರತಿ ಸಂಡೇ ನಮ್ಮೂರಾಗ ಇಳೀತಾಳ್ರಿ. ಅಲ್ಲೇನೋ ಡ್ಯೂಟಿ ಮಾಡ್ಲಾಕತ್ತಾಳ ಅನಸ್ತದ." ಭಾಲ್ಕಿಯಲ್ಲಿ ಹೊಸ ನರ್ಸಿಂಗ್ ಹೋಮ್ ತೆರೆದಿತ್ತು. ಅಲ್ಲಿಗೆ ಐಸಿಯು ಕೈಗಳು ಬೇಕಿದ್ದವು.

ಮುಂದಿನ ಭಾನುವಾರ ನಾನೇ ಭಾಲ್ಕಿಗೆ ಹೋದೆ. ನರ್ಸಿಂಗ್ ಹೋಮಿನ ಎದುರಿನ ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಡಿಟೆಕ್ಟಿವ್ ಹಾಗೆ ಕೂತೆ. ಸುಜಾತಾ ಬಂದಳು. ನರ್ಸಿಂಗ್ ಹೋಮ್ ದಾಟಿ ಮುಂದೆ ನಡೆದು, ಬಟ್ಟೆ ಅಂಗಡಿಯ ಮೇಲಿನ ಕೋಚಿಂಗ್ ಸೆಂಟರಿನ ಮೆಟ್ಟಿಲು ಹತ್ತಿದಳು. ಹಿಂದೆಯೇ ಹೋದೆ. ಮೀಸೆ ಚಿಗುರದ ಹುಡುಗರು, ಎರಡು ಜಡೆಯ ಹುಡುಗಿಯರು ಅಪ್ಪ ಅಮ್ಮಂದಿರ ಜೊತೆ ಬೆಂಚಿನಲ್ಲಿದ್ದರು. ನೀಟ್ ರ‍್ಯಾಂಕ್ ಬಂದವರಿಗೆ ಮೆಡಿಕಲ್ ಕಾಲೇಜುಗಳನ್ನು ಯಾವ ಕ್ರಮದಲ್ಲಿ ಆರಿಸಬೇಕೆಂದು ಅಲ್ಲಿನ ಲೆಕ್ಚರರ್ ಹೇಳುತ್ತಿದ್ದರು. ಕೊನೆಯ ಬೆಂಚಿನಲ್ಲಿ ಇವಳೊಬ್ಬಳೇ ಕೂತಿದ್ದಳು.

ನನ್ನನ್ನು ಕಂಡು ಎದ್ದು ನಿಂತಳು, ವಾರ್ಡಿನಲ್ಲಿ ನಿಲ್ಲುವ ಹಾಗೆಯೇ.

"ಲಗ್ನ ಯಾರ ಜೊತೆ, ಬಾಟನಿ ಜೊತೆನೋ?" ಎಂದೆ.

ಅವಳು ನಗಲಿಲ್ಲ. "ಲಗ್ನ ಅಂದ್ರ ಎಲ್ಲಾರೂ ಖುಷೀಲೆ ಬಿಡ್ತಾರ್ರಿ ಮೇಡಂ. ಓದ್ತೇನಿ ಅಂದ್ರ ಯಾರ್ ಬಿಡ್ತಾರ? ಶುಕ್ರವಾರ ಸೀಟಿಗೆ ಸರ್ಟಿಫಿಕೇಟ್ ವೆರಿಫಿಕೇಶನ್ ಅದ. ಒರಿಜಿನಲ್ಸ್ ಇಲ್ಲಂದ್ರ ನನ್ನ ರ‍್ಯಾಂಕ್ ಇದ್ದೂ ಇಲ್ಲದಂಗ್ರಿ."

"ಸೀಟು ಸಿಗದಿದ್ದರೆ? ಕೆಲಸವೂ ಹೋಗುತ್ತದೆ."

"ಹೋಗ್ಲಿರಿ. ಇನ್ನೊಂದ್ ಸರ್ತಿ ಇಷ್ಟ್ ಓದ್ಲಾಕ ನನಗ ಆಗಂಗಿಲ್ಲ."

ಮರುದಿನ ಮಾಲೀಕರಿಗೆ ಇದ್ದದ್ದನ್ನೇ ಹೇಳಿದೆ. ಸ್ವತಃ ಡಾಕ್ಟರರಾದ ಅವರು ಕುರ್ಚಿಗೆ ಒರಗಿ ನಕ್ಕರು. "ಈ ಪೋರಿಗೋಳ ಕಥಿ ನಿಮಗ ಗೊತ್ತಿಲ್ಲೇನ್ರಿ ಮೇಡಂ? ನಾಳಿ ಭಾಲ್ಕಿ ನರ್ಸಿಂಗ್ ಹೋಮಿನಾಗ ನಿಂತ್ರ ಜವಾಬ್ದಾರಿ ಯಾರ್ದು?"

ಆ ಪ್ರಶ್ನೆ ನನ್ನೊಳಗೂ ಇತ್ತು. ರ‍್ಯಾಂಕ್ ಬಂದಿದೆ ಎಂದದ್ದು ಅವಳು. ನಾನು ಕಣ್ಣಾರೆ ನೋಡಿರಲಿಲ್ಲ. ಆದರೂ ಮನೆಗೆ ಹೋಗಿ ನನ್ನ ಫೈಲ್ ತಂದು ಮೇಜಿನ ಮೇಲಿಟ್ಟೆ. ಕಾನ್ವೆಂಟಿನ ಸರ್ಟಿಫಿಕೇಟು, ನರ್ಸಿಂಗ್ ಡಿಪ್ಲೊಮಾ. ಮದುವೆಗೆ ಮೊದಲಿನ ನನ್ನ ಹೆಸರು ಉಳಿದಿರುವುದು ಅವುಗಳಲ್ಲಿ ಮಾತ್ರ.

"ಅವಳ ಜಾಗದಲ್ಲಿ ನನ್ನವು ಇರಲಿ ಡಾಕ್ಟರ್. ಅವಳು ಬೇರೆ ಆಸ್ಪತ್ರೆ ಸೇರಿದರೆ ವಾಪಸ್ ಕೊಡಬೇಡಿ."

"ಈ ವಯಸ್ಸಿನಾಗ ನೀವರ ಎಲ್ಲಿ ಓಡಿ ಹೋಗ್ತೀರಿ?" ಎಂದು ಗೊಣಗಿದರು. ಆದರೆ ಕಪಾಟು ತೆರೆಸಿದರು, ನನ್ನ ಫೈಲನ್ನು ಒಳಗಿಡಿಸಿದರು.

ಸುಜಾತಾ ತನ್ನ ಒರಿಜಿನಲ್ಸ್ ತೆಗೆದುಕೊಂಡು ಹೋದಳು. ಆಮೇಲೆ ಸುದ್ದಿಯಿಲ್ಲ, ಫೋನ್ ಸ್ವಿಚ್ ಆಫ್. ಇರ್ಫಾನ್ ದಿನವೂ ಭಾಲ್ಕಿಯ ವರದಿ ತರುತ್ತಿದ್ದ: "ಇವತ್ತೂ ಕಾಣ್ಲಿಲ್ರಿ." ಕಾಣದಿರುವುದೂ ಒಂದು ಸಂಶಯವೇ. ಮಸ್ಕತ್ತಿನಲ್ಲಿದ್ದರೆ ಭಾಲ್ಕಿಯಲ್ಲಿ ಹೇಗೆ ಕಂಡಾಳು?

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ತಂದೆಯೊಡನೆ ಬಂದಳು. ಸರ್ಕಾರಿ ಕೋಟಾದಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿ ಅಡ್ಮಿಷನ್ ಆಗಿತ್ತು. ಕಾಲೇಜಿನ ಐಡಿ ಕಾರ್ಡನ್ನು ನಾನು ಎರಡೂ ಬದಿ ತಿರುಗಿಸಿ ನೋಡಿದೆ. ಟೈಲರ್ ಸಾಹೇಬರು ಪೇಢೆಯ ಡಬ್ಬಿ ಬಿಚ್ಚಿದರು. ಮಗಳು ಅದರ ಮೇಲೆ ಕೈಯಿಟ್ಟಳು.

"ತಡಿರಿ ಬಾಬಾ. ಮೇಡಂ, ಮೊದ್ಲ ನಿಮ್ಮ ಒರಿಜಿನಲ್ಸ್ ತಗೋರಿ, ನನ್ನ ಕಣ್ಣ ಮುಂದ. ಇವ್ರನ್ನ ನಂಬಂಗಿಲ್ಲ. ಆಮ್ಯಾಲ ಪೇಢೆ."

ಕಪಾಟು ತೆರೆಯುವವರೆಗೂ ಅವಳು ಆಫೀಸಿನ ಬಾಗಿಲು ಬಿಟ್ಟು ಕದಲಲಿಲ್ಲ.

ನಾನು ಕೆಲಸ ಬಿಡುವವರೆಗೂ ಹುಡುಗಿಯರು ಲಗ್ನವೆಂದು ರಾಜೀನಾಮೆ ತರುತ್ತಲೇ ಇದ್ದರು. ಗಂಡು ಯಾರು ಎಂದು ಕೇಳುವುದನ್ನು ನಾನು ಬಿಟ್ಟೆ. ಬಾಗಿಲು ಮುಚ್ಚಿ, ನಿಜ ಹೇಳಿದರೆ ನಿನಗೇನು ನಷ್ಟ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಆಗ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.