ಕೆಳಗಿನ ಚಳಿ

ಅವಳಿಗೆ ಚಾಪೆಯಕ್ಕ ಎಂದು ಹೆಸರು ಬಿದ್ದು ಹತ್ತು ವರ್ಷದ ಮೇಲಾಯಿತು. ಹೆಸರಿಟ್ಟವರು ಟಾರ್ಪಾಲು ಅಂಗಡಿಯಲ್ಲಿ ಜೊತೆಗೆ ಹೊಲಿಯುವ ಹೆಂಗಸರು. ಯಾರ ಮನೆಯಲ್ಲಾದರೂ ಮಗು ಹುಟ್ಟಲಿ, ಯಾರಾದರೂ ಬಾಡಿಗೆ ಮನೆ ಬದಲಿಸಲಿ, ಯಾರನ್ನಾದರೂ ಆಸ್ಪತ್ರೆಗೆ ಸೇರಿಸಲಿ, ಅವಳ ಮೊದಲ ಪ್ರಶ್ನೆ ಒಂದೇ: "ಕೆಳಗೆ ಏನು ಹಾಸ್ತೀರಿ?" ಹೊದೆಯುವುದರ ಬಗ್ಗೆ ಅವಳು ಕೇಳಿದವಳೇ ಅಲ್ಲ. "ಮದುವೆ ಗೊತ್ತಾಯ್ತು ಅಂದ್ರೂ ಇವಳು ಹುಡುಗನ ಬಗ್ಗೆ ಕೇಳಲ್ಲ, ಚಾಪೆ ಬಗ್ಗೆ ಕೇಳ್ತಾಳೆ" ಎಂದು ಅವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು, ಮತ್ತೆ ಅದನ್ನೇ ಕೇಳುತ್ತಿದ್ದಳು.

ಅವಳ ಗಂಡ ಅದೇ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು. ಮಾತು ಕಡಿಮೆ. ಲಾರಿ ಹೊದಿಕೆಯ ದಪ್ಪ ಬಟ್ಟೆಯನ್ನು ನೆಲದ ಮೇಲೆ ಹರಡಿ, ಮಂಡಿಯೂರಿ, ಸೀಮೆಸುಣ್ಣದ ಗೆರೆ ಹಿಡಿದು ಸರ್ರನೆ ಕತ್ತರಿಸುತ್ತಿದ್ದ. ಮನೆಯಲ್ಲಿ ಅವಳದೊಂದು ಕಾಲಿನಿಂದ ತುಳಿಯುವ ಹೊಲಿಗೆ ಮಷೀನು ಇತ್ತು. ನಿಜವಾಗಿ ಅದು ಅತ್ತೆಯದು. ಸೊಸೆಗೆ ಸೂಜಿ ಹಿಡಿಯಲು ಕಲಿಸಿದ್ದೂ ಅತ್ತೆಯೇ. "ಗಂಡ ಕೈಬಿಟ್ರೂ ಇದು ಬಿಡಲ್ಲ ಕಣೇ" ಎಂದು ಮಗನ ಎದುರಿಗೇ ಹೇಳಿ ಅವನನ್ನು ಕಾಡಿಸುತ್ತಿದ್ದ ಹೆಂಗಸು ಅದು.

ಹನ್ನೊಂದು ವರ್ಷದ ಹಿಂದೆ ಹೊಳೆ ಕೆಳಗಿನ ಬೀದಿಗೆ ನುಗ್ಗಿದಾಗ ಆ ಮಷೀನನ್ನು ನಾಲ್ಕು ಜನ ಹೊತ್ತು ಶಾಲೆಗೆ ಸಾಗಿಸಿದರು. ಅದರ ಹಿಂದೆ ಅತ್ತೆ, ಸೊಸೆ, ಮೂರು ಕಂಬಳಿ ಮತ್ತು ಒಂದು ದಪ್ಪ ಸ್ಪಂಜಿನ ಚಾಪೆ. ಗಂಡ ಜೊತೆಗೆ ಬರಲಿಲ್ಲ. ದೋಣಿಯವರ ಜೊತೆ ಸೇರಿ ಮಾಳಿಗೆ ಏರಿ ಕೂತವರನ್ನು ಇಳಿಸಲು ಹೋದ. ಶಾಲೆಯ ಕೋಣೆಯಲ್ಲಿ ಸಿಮೆಂಟು ನೆಲ, ಹಲಗೆಯ ಮೇಲೆ ಯಾವುದೋ ಅರ್ಧ ಬಿಡಿಸಿದ ಲೆಕ್ಕ, ಒಡೆದ ಕಿಟಕಿಯಿಂದ ಎರಚಲು. ಎರಚಲು ಬೀಳುತ್ತಿದ್ದದ್ದು ನೇರವಾಗಿ ಮಷೀನಿನ ಮೇಲೆ. ಕೋಣೆಯಲ್ಲಿ ಮೂವತ್ತು ಜನ. ಅದನ್ನು ಸರಿಸಲು ಜಾಗವಿಲ್ಲ. ಅವಳು ಹಿಂದೆಮುಂದೆ ನೋಡದೆ ಚಾಪೆಯನ್ನು ಮಷೀನಿಗೆ ಸುತ್ತಿ ಹಗ್ಗ ಬಿಗಿದಳು. ತುಕ್ಕು ಹಿಡಿದರೆ ನಾಳೆ ಬದುಕು ಹೇಗೆ ಎನ್ನುವುದೊಂದೇ ಆಗ ತಲೆಯಲ್ಲಿ.

ಅತ್ತೆಗೆ ಎರಡು ಕಂಬಳಿ ಹೊದಿಸಿದಳು. ಮೂರನೆಯ ದಿನ ಅತ್ತೆ ಮೆಲ್ಲಗೆ ಅಂದಳು: "ಕೆಳಗೆ ಏನಾದ್ರೂ ಹಾಸೇ. ಬೆನ್ನಿಗೆ ತಣ್ಣಗೆ ಕೊರೀತಿದೆ." ಸೊಸೆ ಏನು ಮಾಡಿದಳು? ತಾನು ಹೊದ್ದಿದ್ದ ಕಂಬಳಿಯನ್ನೂ ತೆಗೆದು ಅತ್ತೆಯ ಮೇಲೆ ಹಾಕಿದಳು. ಪ್ರೀತಿಯಿಂದಲೇ ಹಾಕಿದಳು, ಅದರಲ್ಲಿ ಸಂಶಯ ಬೇಡ. ಚಳಿ ಮೇಲಿನಿಂದ ಬರುತ್ತದೆ ಎಂದುಕೊಂಡಿದ್ದಳು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಐದನೆಯ ದಿನ ಬೆಳಿಗ್ಗೆ ಮಗ ಬರುವಷ್ಟರಲ್ಲಿ ಅತ್ತೆಗೆ ಎದೆ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

"ಒಂದು ಚಾಪೆ ಇತ್ತಲ್ಲ?" ಎಂದು ಅವನು ಒಮ್ಮೆ ಕೇಳಿದ್ದ.

"ನೀರಲ್ಲಿ ಹೋಯ್ತು ರೀ" ಅಂದಳು. ಬಾಯಿಗೆ ಬಂದ ಸುಳ್ಳು ಅದು. ಅಮ್ಮನ ಗಡಿಬಿಡಿಯಲ್ಲಿ ಅವನು ಶಾಲೆಯಲ್ಲಿ ಮಷೀನಿನ ಕಡೆ ನೋಡಿರಲಿಲ್ಲ. ಹನ್ನೊಂದು ವರ್ಷ ಅದನ್ನು ಎದೆಯೊಳಗೆ ಇಟ್ಟುಕೊಂಡು ಅದೇ ಮಷೀನು ತುಳಿದಳು.

ಈ ಸಲ ಬೇಸಿಗೆಯಲ್ಲಿ ಪುರಸಭೆಯವರಿಗೆ ಜ್ಞಾನೋದಯವಾಯಿತು. ಹೊಳೆ ಮತ್ತೆ ಬಂದರೆ ಇರಲಿ ಎಂದು ಎತ್ತರದ ಗೋದಾಮಿನಲ್ಲಿ ಇನ್ನೂರು ಜನಕ್ಕಾಗುವಷ್ಟು ಹಾಸಿಗೆ, ಹೊದಿಕೆ, ಡೇರೆ ಕೂಡಿಡುವುದೆಂದು ತೀರ್ಮಾನ. ಅದರ ಹೊಣೆ ಹೊತ್ತ ಮೇಡಂ ಡೇರೆ ಹೊಲಿಸಲು ಅಂಗಡಿಗೆ ಬಂದರು. ಚಾಪೆಯಕ್ಕ ಬಿಡುತ್ತಾಳೆಯೇ? "ಕೆಳಗೆ ಏನು ಹಾಸ್ತೀರಿ ಮೇಡಂ?" ಮೇಡಂ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, "ನಾಡಿದ್ದು ಗೋದಾಮಿಗೆ ಬನ್ನಿ, ನೀವೇ ಆರಿಸಿಕೊಡಿ" ಅಂದರು.

ಗೋದಾಮಿನಲ್ಲಿ ಸಾಮಾನುಗಳ ಸಂತೆಯೇ ನೆರೆದಿತ್ತು. ಮಾರಾಟಗಾರ ಬಾಯಿ ತುಂಬ ಹೊಗಳುತ್ತಿದ್ದ. ಗಾಳಿ ತುಂಬುವ ಹಾಸಿಗೆಯನ್ನು ಅವಳು ಒಂದೇ ಮಾತಲ್ಲಿ ಪಕ್ಕಕ್ಕಿಟ್ಟಳು: "ಒಂದು ಮೊಳೆ ಚುಚ್ಚಿದ್ರೆ ಮುಗೀತು." ಜಿಪ್ಪು ಎಳೆದು ಒಳಗೆ ಮಲಗುವ ಚೀಲದೊಳಗೆ ತಾನೇ ನುಗ್ಗಿ, ಈಚೆ ಬರಲು ಒದ್ದಾಡಿ, "ಬಸುರಿ ಹೆಂಗಸು ಇದರಿಂದ ಹೊರಗೆ ಬರೋದು ಹೆರಿಗೆ ಆದ್ಮೇಲೇನೇ" ಎಂದಾಗ ಮೇಡಂ ಕೂಡ ನಕ್ಕುಬಿಟ್ಟರು. ಮಂಡಿ ಬಗ್ಗದ ಮುದುಕರಿಗೆ ಮಡಿಚುವ ಮಂಚ ಇಪ್ಪತ್ತು ಇರಲಿ ಅಂದಳು. ಆದರೆ ಅದರ ಕೆಳಗೂ ಗಾಳಿ ಹಾಯುತ್ತದೆ, ಅದರ ಮೇಲೂ ಹಾಸಬೇಕು. ಡೇರೆಯ ಎರಡೂ ತುದಿಗೆ ಗಾಳಿಕಿಂಡಿ ಬೇಕು, ಇಲ್ಲದಿದ್ದರೆ ಮಲಗಿದವರ ಉಸಿರೇ ಬಟ್ಟೆಗೆ ಹತ್ತಿ ಹನಿಯಾಗಿ ಅವರ ಮೇಲೇ ಬೀಳುತ್ತದೆ. ಎಲ್ಲವನ್ನೂ ಮೇಡಂ ಬರೆದುಕೊಂಡರು.

ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ. ಇನ್ನುಳಿದ ಹಣದಲ್ಲಿ ತಲೆಗೊಂದು ಎರಡನೇ ಕಂಬಳಿಯೋ, ತಲೆಗೊಂದು ಚಾಪೆಯೋ? ಎರಡೂ ಆಗುವುದಿಲ್ಲ.

"ಕಂಬಳಿ" ಅಂದ ಮಾರಾಟಗಾರ. "ಕಂಬಳಿಯೇ" ಅಂದರು ಸಹಿ ಹಾಕಲು ಬಂದಿದ್ದ ಮೇಲಿನ ಸಾಹೇಬರು. ಚಾಪೆಯಕ್ಕ ಹಿಡಿದ ಪಟ್ಟು ಬಿಡಲಿಲ್ಲ. "ಯಾರಾದ್ರೂ ಬರೀ ನೆಲದ ಮೇಲೆ ಎರಡು ಕಂಬಳಿ ಹೊದ್ಕೊಂಡು ಅರ್ಧ ಗಂಟೆ ಮಲಗಿ ನೋಡಿ ಸಾರ್, ಆಮೇಲೆ ಹೇಳಿ."

ಕಚೇರಿಯ ಗುಮಾಸ್ತ ಮುಂದೆ ಬಂದ. ಒಳ್ಳೆಯ ಮೈಕಟ್ಟಿನ ಆಸಾಮಿ, ಆಗಷ್ಟೇ ಊಟ ಮುಗಿಸಿ ಬಂದಿದ್ದ. ಹೊರಗೆ ಸುಡುವ ಬಿಸಿಲು, ಒಳಗೆ ತಂಪು ನೆಲ. ಮಲಗಿದ ಐದು ನಿಮಿಷಕ್ಕೆ ಗೊರಕೆ ಶುರು. ಗೋದಾಮಿಗೆ ಗೋದಾಮೇ ಬಿದ್ದು ಬಿದ್ದು ನಕ್ಕಿತು. "ನೋಡಮ್ಮ, ಸ್ವರ್ಗದಲ್ಲಿದ್ದಾನೆ" ಎಂದು ಸಾಹೇಬರು ಪೆನ್ನು ತೆಗೆದು ಕಾಗದಕ್ಕೆ ಸಹಿ ಹಾಕಲು ಬಗ್ಗಿದರು.

ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. ಡೇರೆ ಬಟ್ಟೆಯ ತುಂಡುಗಳನ್ನು ತೋರಿಸಲು ತಂದಿದ್ದ. ಅವಳು ಅವನನ್ನು ನೋಡಿದಳು, ಪೆನ್ನನ್ನು ನೋಡಿದಳು.

"ಸಾರ್, ನಮ್ಮತ್ತೆ ಸತ್ತಿದ್ದು ಹಿಂಗೇ. ಮೇಲೆ ಕಂಬಳಿ ಇತ್ತು. ಕೆಳಗೆ ಏನೂ ಇರ್ಲಿಲ್ಲ. ಚಾಪೆ ಇತ್ತು ಸಾರ್. ನೀರಲ್ಲಿ ಹೋಗಿರ್ಲಿಲ್ಲ. ನಾನು ಅದನ್ನ ಹೊಲಿಗೆ ಮಷೀನಿಗೆ ಸುತ್ತಿದ್ದೆ."

ಗುಮಾಸ್ತನ ಗೊರಕೆಯೊಂದೇ ಕೇಳುತ್ತಿತ್ತು. ಯಾರೋ ಅವನನ್ನು ತಿವಿದು ಎಬ್ಬಿಸಿದರು. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, "ಚಾಪೆ ಅಂತಲೇ ಬರ್ಕೊಳ್ಳಿ" ಅಂದರು. ಬಾಗಿಲಲ್ಲಿ ಬಟ್ಟೆಯ ತುಂಡುಗಳು ನೆಲದ ಮೇಲಿದ್ದವು. ಗಂಡ ಇರಲಿಲ್ಲ.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎನಿಸುತ್ತಿತ್ತು ಅವಳಿಗೆ. ಬಡಿಸಿದ್ದನ್ನು ಉಂಡು ಎದ್ದ. ಅಂಗಡಿಗೆ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಇನ್ನೂರು ಚಾಪೆಯ ಕೆಲಸ ಅವರ ಅಂಗಡಿಗೇ ಬಂತು: ಕೆಳಗೆ ಟಾರ್ಪಾಲು, ಮೇಲೆ ಎರಡು ಪದರ ಸ್ಪಂಜು, ಸುತ್ತ ಅಂಚು, ಸುರುಳಿ ಕಟ್ಟಲು ಎರಡು ಪಟ್ಟಿ. ಅವನು ಕತ್ತರಿಸಿ ಕೊಡುತ್ತಿದ್ದ, ಅವಳು ಹೊಲಿಯುತ್ತಿದ್ದಳು. ಹೆಚ್ಚಿನದನ್ನು ಮನೆಗೆ ತಂದು ಆ ಮಷೀನಿನಲ್ಲೇ ಹೊಲಿದಳು. ತಿಂಗಳಾದ ಮೇಲೆ ಒಂದು ಭಾನುವಾರ ಅವನು ಅದರ ಎದುರು ಬಂದು ನಿಂತ.

"ಇದನ್ನ ಯಾಕೆ ಮಾರ್ಲಿಲ್ಲ ನೀನು?"

ಅವಳ ಕಾಲು ತುಳಿಯುವುದನ್ನು ನಿಲ್ಲಿಸಿತು. "ಮಾರಿದ್ರೆ, ಅತ್ತೆ ಹೋಗಿದ್ದು ಬರೀ ಸುಮ್ಮನೆ ಅಂತ ಆಗ್ತಿತ್ತು."

ಅವನು ಹೊರಗೆ ಹೋದ. ಅತ್ತೆಯ ಮಾತನ್ನು, ಆ ಮೂರನೆಯ ದಿನದ ಮಾತನ್ನು, ಅವಳು ಆಗಲೂ ನುಂಗಿಕೊಂಡಳು. ಮಷೀನಿನ ವಿಷಯ ಹೇಳಬಹುದು; ಕೇಳಿಯೂ ಕೇಳದಂತಾದದ್ದನ್ನು ಯಾವ ಬಾಯಲ್ಲಿ ಹೇಳುವುದು? ಅದನ್ನು ಹೇಳದೆ ಹೋದರೆ ಅವನ ಮುಖ ನೋಡುವುದು ಹೇಗೆ ಎನ್ನುವುದೂ ಗೊತ್ತಿರಲಿಲ್ಲ.

ಚಾಪೆಗಳನ್ನು ಒಪ್ಪಿಸಲು ಹೋದದ್ದು ಚಳಿಗಾಲದ ಒಂದು ಬೆಳಿಗ್ಗೆ. ಗೋದಾಮಿನ ನೆಲ ಮಂಜುಗಡ್ಡೆಯಂತಿತ್ತು. ಗುಮಾಸ್ತ ಎಣಿಸಿ, ರಸೀದಿ ತರುತ್ತೇನೆಂದು ಕಚೇರಿಗೆ ಹೋದ. ಗಂಡ ಕಪಾಟಿನಿಂದ ಎರಡು ಕಂಬಳಿ ಎಳೆದುಕೊಂಡ. ಚಪ್ಪಲಿ ಬಿಟ್ಟ. ಬರೀ ನೆಲದ ಮೇಲೆ ಅಂಗಾತ ಮಲಗಿ ಗಂಟಲವರೆಗೆ ಹೊದ್ದುಕೊಂಡ.

"ಏಳ್ರೀ, ಏನಿದು? ಶೀತ ಆಗುತ್ತೆ."

ಅವನು ಕಣ್ಣು ಮುಚ್ಚಿದ. ಅವಳು ಸುರುಳಿಗಳ ಪಕ್ಕದಲ್ಲಿ ನಿಂತೇ ಇದ್ದಳು. ಬಿಸಿಲು ಕಿಟಕಿಯಿಂದ ಇಳಿದು ಕಪಾಟಿನ ಕಾಲಿನವರೆಗೆ ಬಂತು. ಅವನ ದವಡೆ ಮೊದಲು ಬಿಗಿಯಿತು, ಆಮೇಲೆ ನಡುಗತೊಡಗಿತು. ಅವನು ಎದ್ದು ಕೂತಾಗ ತುಟಿ ಬಿಳಿಚಿಕೊಂಡಿತ್ತು.

"ನೆಲ ಕೊರೆಯುತ್ತೆ ಕಣೇ" ಅಂದ. "ಅರ್ಧ ಗಂಟೆಗೇ ಹಿಂಗೆ. ನಾಲ್ಕು ದಿನ ಹೆಂಗೆ ತಡ್ಕೊಂಡ್ಳೋ. ಅಮ್ಮ ಒಂದು ಸಲನೂ ಬಾಯಿ ಬಿಡ್ಲಿಲ್ವಲ್ಲ."

ಅವನು ಅವಳನ್ನು ಕ್ಷಮಿಸಲು ದಾರಿ ಹುಡುಕುತ್ತಿದ್ದ. ಅಮ್ಮ ಹೇಳಲಿಲ್ಲ, ಇವಳಿಗೆ ತಿಳಿಯಲಿಲ್ಲ. ಅಷ್ಟು ಸಾಕಿತ್ತು ಅವನಿಗೆ. ಅವಳು ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೂ ಅದು ಗೊತ್ತಿತ್ತು.

"ಕೇಳಿದ್ರು" ಅಂದಳು. "ಮೂರನೇ ದಿನ. ಕೆಳಗೆ ಏನಾದ್ರೂ ಹಾಸು ಅಂದ್ರು. ನಾನು ಇನ್ನೊಂದು ಕಂಬಳಿ ಹೊದಿಸಿದೆ."

ಅವನು ಅವಳ ಮುಖವನ್ನೇ ನೋಡಿದ. ಎದ್ದು, ಒಂದು ಸುರುಳಿಯ ಪಟ್ಟಿ ಬಿಚ್ಚಿ, ತಾನು ಮಲಗಿದ್ದ ಜಾಗದಲ್ಲೇ ಚಾಪೆ ಹಾಸಿದ. ಮಂಡಿಯೂರಿ, ನಾಲ್ಕೂ ಮೂಲೆ ಎಳೆದು, ಕೈಯಿಂದ ಸವರಿ ಸರಿಮಾಡಿದ. ಆಮೇಲೆ ಅದರ ಪಕ್ಕದಲ್ಲಿ ಬರೀ ನೆಲದ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತ.

ಅವಳು ಈಚೆ ಕಡೆ ಬಂದು ನೆಲದ ಮೇಲೆ ಕೂತಳು. ಗುಮಾಸ್ತ ರಸೀದಿ ಹಿಡಿದು ಬರುವವರೆಗೂ ಇಬ್ಬರೂ ಹಾಗೇ ಇದ್ದರು, ಹಾಸಿದ ಚಾಪೆಯನ್ನು ನಡುವೆ ಖಾಲಿ ಬಿಟ್ಟು.