ಅಂದಾನಪ್ಪನ ಕಾಲಿಗೆ ಬಿದ್ದ ಗುಂಡು

ಗಜೇಂದ್ರಗಡದ ನೇಕಾರ ಅಂದಾನಪ್ಪ ಹೇಡಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಊರಿನವರು ಹಾಗೆ ಹೇಳಲಿಲ್ಲ.

೧೯೫೫ರ ಮಳೆಗಾಲ. ಗೋವೆಯಿಂದ ಪೋರ್ತುಗೀಜರನ್ನು ಓಡಿಸಲು ಸತ್ಯಾಗ್ರಹಿಗಳು ಹೊರಟಿದ್ದರು. ನರಗುಂದದ ವಕೀಲ ರಾಘಣ್ಣ ನಮ್ಮ ಬಜಾರದಲ್ಲಿ ನಿಂತು ಮಂದಿ ಕೂಡಿಸಿದ. ಅವನಿಗೆ ಬಹುವಚನ ಕೊಡಲು ನನ್ನ ಬಾಯಿ ಒಪ್ಪದು.

"ನೀವು ಬರಿಗೈಲೆ ಗಡಿ ದಾಟ್ರಿ. ಗುಂಡು ಹಾರಿದ್ರ ನಮ್ಮ ಮಿಲಿಟರಿ ನಿಮ್ಮ ಹಿಂದ ಬರ್ತದ. ದಿಲ್ಲಿಯವರ ಮಾತು ತಗೊಂಡೇ ಹೇಳ್ಲಿಕ್ಕತ್ತೀನಿ."

ಯಾವ ದಿಲ್ಲಿ, ಯಾವ ಮಾತು? ಗೋವೆಯ ತಂಟೆಯನ್ನು ಶಾಂತಿಯಿಂದಲೇ ಬಿಡಿಸುತ್ತೇವೆ ಎಂದು ದಿಲ್ಲಿ ಜಗತ್ತಿಗೆಲ್ಲ ಸಾರಿತ್ತು. ಪೇಪರಿನಲ್ಲಿ ಓದಿ ನಮಗೆ ತಿಳಿಸಬೇಕಾದವನೇ ಈ ವಕೀಲ.

ಅಂದಾನಪ್ಪ ನಂಬಿದ. ಗಡಿಯಲ್ಲಿ ಗುಂಡು ಹಾರಿದಾಗ, ಮಿಲಿಟರಿ ಬಂತೇ ಎಂದು ಹಿಂದಕ್ಕೆ ತಿರುಗಿ ನೋಡಿದ. ಆ ಗಳಿಗೆಗೇ ಮೊಣಕಾಲಿನ ಹಿಂಬದಿಗೆ ಗುಂಡು ಹೊಕ್ಕಿತು. ಗಡಿಯ ಈಚೆ ನಿಂತಿದ್ದ ರಾಘಣ್ಣ ಇದನ್ನು ಕಣ್ಣಾರೆ ಕಂಡ.

ಊರಲ್ಲಿ ಗರಡಿಮನೆಯ ನ್ಯಾಯ ಕಾದಿತ್ತು: ಗಾಯ ಮುಂದಾದರೆ ಗಂಡು, ಹಿಂದಾದರೆ ಹೇಡಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿಯಲಾಗದೆ ಅಂದಾನಪ್ಪ ನೂಲು ಸುತ್ತುತ್ತ ಕುಳಿತ, ಅದಕ್ಕೆ ಕೊರಗಲಿಲ್ಲ. ಆದರೆ ಬಾವಿಗೆ ಹೋದ ಹೆಂಡತಿ ಮಾನವ್ವನಿಗೆ, "ನಿನ್ನ ಗಂಡ ಭಾಳ ಲಗೂ ಓಡ್ತಾನಂತಲ್ಲ" ಎಂದು ಯಾರೋ ನಕ್ಕ ದಿನ ಅವನು ರೊಟ್ಟಿ ಮುಟ್ಟಲಿಲ್ಲ.

ಮುಂದಿನ ವರ್ಷ ಸ್ವಾತಂತ್ರ್ಯ ದಿನದ ಸಭೆಗೆ ರಾಘಣ್ಣ ಬಂದ. ಅವನಿಗಾಗಲೇ ಚುನಾವಣೆಯ ಟಿಕೆಟ್ಟಿನ ಮೇಲೆ ಕಣ್ಣು. ಸಭೆಗೆ ಮೊದಲು ಅಂದಾನಪ್ಪ ಕುಂಟುತ್ತ ಅವನೆದುರು ಹೋಗಿ ನಿಂತ.

"ರಾಯರ, ನಾ ಓಡಲಿಲ್ಲ. ಮಿಲಿಟರಿ ಬಂತೇನಂತ ಹೊಳ್ಳಿ ನೋಡಿದ್ನಿ. ನೀವ ಕಂಡೀರಿ. ಅಷ್ಟನ್ನ ಮಂದಿಗೆ ಹೇಳ್ರಿ, ಸಾಕು."

"ಹೇಳ್ತೀನಿ, ಅಂದಾನಪ್ಪ. ಬಾ, ನನ್ನ ಬಾಜೂಕ ಕೂಡು."

ವೇದಿಕೆಯ ಮೇಲೆ ಕೂಡಿಸಿ ಹಾರ ಹಾಕಿದ. ಆಮೇಲೆ ಮೈಕು ಹಿಡಿದು, "ನಮ್ಮ ದೇಶದ ಧೋರಣಿ ಶಾಂತೀದು. ಬಂದೂಕು ಕಂಡ ಕೂಡ್ಲೆ ನಮ್ಮ ಅಂದಾನಪ್ಪ ಯಾರಿಗೂ ಕೈ ಮಾಡದ ಹೊಳ್ಳಿ ಬಂದ. ಜಗತ್ತು ನಮ್ಮನ್ನ ಮೆಚ್ಚೋದು ಇದಕ್ಕ" ಎಂದ. ಮಿಲಿಟರಿಯ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಅವನ ಸುಳ್ಳು ಹೊರಬೀಳುತ್ತಿತ್ತು. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. ಯಾರೋ ಒಬ್ಬ ಕಿಸಕ್ಕನೆ ನಕ್ಕ, ಹಿಂದೆಯೇ ಇಡೀ ಬಜಾರು ನಕ್ಕಿತು.

ಕೆಳಗಿದ್ದ ಮಾನವ್ವ ವೇದಿಕೆಯ ಹತ್ತಿರ ಬಂದಳು. "ಏಳ್ರಿ, ಮನಿಗೆ ಹೋಗೂಣು."

"ಈಗ ಎದ್ದು ಬಂದ್ರ ಮತ್ತ ಓಡಿದ ಅಂತಾರ" ಎಂದ ಅಂದಾನಪ್ಪ. ಸಭೆ ಮುಗಿಯುವವರೆಗೂ ಹಾರ ಹಾಕಿಕೊಂಡೇ ಅಲ್ಲಿ ಕುಳಿತಿದ್ದ.