ಒತ್ತಬಾರದ ಗುಂಡಿ

ಕಾಜಾ ಅಕ್ಕನ ಬದುಕು ಪೂರಾ ಗುಂಡಿಗಳದ್ದೇ. ಗಾರ್ಮೆಂಟ್ಸಿನಲ್ಲಿ ಇಪ್ಪತ್ತಾರು ವರ್ಷದಿಂದ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಕೂರಿಸುತ್ತಾಳೆ. ಆ ಹೆಸರು ಅಂಟಿಕೊಂಡದ್ದೂ ಹಾಗೆಯೇ. ಮನೆಗೆ ಬಂದರೆ ಹಳೆಯ ವಿಡಿಯೋ ಗೇಮಿನ ಗುಂಡಿ ಒತ್ತುತ್ತಾಳೆ, ಒತ್ತಿ ಒತ್ತಿ ಪರದೆಯೊಳಗಿನ ಗುಂಡಿಗೆ ಬೀಳುತ್ತಾಳೆ. ಐವತ್ತರ ಹತ್ತಿರದ ಹೆಂಗಸಿಗೆ ಇದೇನು ಹುಚ್ಚು ಎಂದು ಕೇಳುವವರು ಕೇಳಲಿ. ಅವಳಿಗೆ ಅದು ಆಟವಲ್ಲ, ಹಟ.

ಆ ಗೇಮಿನಲ್ಲಿ ಬುಟ್ಟಿ ಹೊತ್ತ ಒಬ್ಬ ಕುಳ್ಳ ಜಿಗಿಯುತ್ತ ಎಂಟು ಮನೆ ದಾಟಬೇಕು. ಇರುವುದು ಮೂರೇ ಜೀವ; ಮೂರೂ ಹೋದರೆ ಮತ್ತೆ ಮೊದಲನೆಯ ಮನೆಯಿಂದ. ಎಂಟನೆಯ ಮನೆಯಲ್ಲಿ ಒಂದು ಕಾಗೆಯಿದೆ, ದರಿದ್ರದ್ದು. ಕುಳ್ಳ ನೆಲ ಬಿಟ್ಟ ಕೂಡಲೇ ಬೆನ್ನ ಹಿಂದಿನಿಂದ ಬಂದು ಕುಕ್ಕಿ ಕೆಡವುತ್ತದೆ. ಎದುರಿಗೆ ಬಂದರೆ ಒಂದು ಮಾತು, ಹಿಂದಿನಿಂದ ಬರುವುದು ಯಾವ ನ್ಯಾಯ? ಈ ಆಟ ಮಾಡಿದವನು ಕೈಗೆ ಸಿಕ್ಕಿದರೆ ಸೂಜಿಯಲ್ಲಿ ಚುಚ್ಚಬೇಕು ಅನ್ನಿಸುತ್ತಿತ್ತು ಅವಳಿಗೆ.

ಚಿಕ್ಕಂದಿನಲ್ಲಿ ಎಂಟನೆಯ ಮನೆ ಬಂತೆಂದರೆ ತಮ್ಮ ರಿಮೋಟು ಕಿತ್ತುಕೊಳ್ಳುತ್ತಿದ್ದ. "ಕೊಡಕ್ಕಾ, ನಿನ್ ಕೈಲಿ ಆಗಲ್ಲ. ಹೋಗು, ನೀರು ತಗೊಂಡ್ ಬಾ." ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಟಿವಿ ಆರಿರುತ್ತಿತ್ತು. "ಮುಗಿಸ್ದೆ" ಎನ್ನುತ್ತಿದ್ದ. ಕೊನೆಗೆ ಅರಮನೆ ಬರುತ್ತದಂತೆ, ರಾಜ ಕೆಳಗಿಳಿದು ಕುಳ್ಳನಿಗೆ ಹಾರ ಹಾಕುತ್ತಾನಂತೆ. ಈಗ ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸ್ಟಿಯರಿಂಗ್ ಯಾರ ಕೈಯಲ್ಲಿದ್ದರೂ ಒಂದು ಬ್ರೇಕು ಅವನ ಕಾಲಡಿಗೇ ಇರುತ್ತದೆ. ನೆಂಟರ ಬಾಯಲ್ಲಿ ಇವತ್ತಿಗೂ ಅವನು ಆಟ ಗೆದ್ದವನು, ಅವಳು ನೀರು ತಂದುಕೊಟ್ಟವಳು. ತನ್ನ ಕೈಯಾರೆ ಒಂದು ಸಲ ಆ ಅರಮನೆ ನೋಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಹೋದ ತಿಂಗಳು ಗೇಮಿನ ಪೆಟ್ಟಿಗೆ ಕೆಟ್ಟಿತು. ಟಿವಿ ರಿಪೇರಿಯವರು ಬಿಚ್ಚಿ ನೋಡಿದರು.

"ಒಳಗೆಲ್ಲ ತುಕ್ಕು ಮೇಡಂ. ಹೇಗೋ ಎಬ್ಬಿಸಿದ್ದೀನಿ. ಇನ್ನು ನಾಲ್ಕೈದು ಆಟ ಬಂದ್ರೆ ಹೆಚ್ಚು." ರಿಮೋಟಿನ ನಡುವಿನ ಗುಂಡಿಗೆ ಅಂಟಿಸಿದ್ದ, ಕಪ್ಪಾಗಿಹೋದ ಪ್ಲಾಸ್ಟರನ್ನು ಉಗುರಿನಿಂದ ಕೆರೆದರು. "ಇದ್ಯಾಕೆ?"

"ಅಯ್ಯೋ, ಅದನ್ನ ಒತ್ತಬಾರ್ದು ರೀ! ಪೆಟ್ಟಿಗೆ ಸುಟ್ಟೋಗುತ್ತೆ."

"ಯಾರು ಹೇಳಿದ್ದು? ಅದು ಆಟ ನಿಲ್ಲಿಸೋ ಗುಂಡಿ. ಒತ್ತಿದ್ರೆ ನಿಲ್ಲುತ್ತೆ, ಇನ್ನೊಂದ್ಸಲ ಒತ್ತಿದ್ರೆ ಅಲ್ಲಿಂದ್ಲೇ ಶುರು."

ಹೇಳಿದವನು ತಮ್ಮ. ನಂಬಿ ಪ್ಲಾಸ್ಟರ್ ಅಂಟಿಸಿದವಳು ಅವಳೇ. ಕಾಜಾ ಅಕ್ಕನ ಮೈಯೆಲ್ಲ ಉರಿದುಹೋಯಿತು. ಆಟ ಬಿಟ್ಟೇಳಲಾಗದೆ ಮೂವತ್ತೈದು ವರ್ಷ ಹಾಲು ಉಕ್ಕಿಸಿದ್ದಳು, ಬಾಗಿಲು ತಟ್ಟಿದವರನ್ನು ಹೊರಗೇ ನಿಲ್ಲಿಸಿದ್ದಳು. ನಿಲ್ಲಿಸಲಾಗದ ಆಟ ಎಂದೇ ಅಲ್ಲವೇ, ಅಮ್ಮ ಕರೆದಾಗಲೆಲ್ಲ, ಇವನು ನೀರು ಕೇಳಿದಾಗಲೆಲ್ಲ ರಿಮೋಟನ್ನು ಅವನ ಕೈಗೆ ಕೊಟ್ಟು ಎದ್ದದ್ದು?

ಮುಂದಿನ ಮೂರು ಆಟ ಕಾಗೆಯ ಪಾಲಾದವು. ನಾಲ್ಕನೆಯದು ಭಾನುವಾರ ಮಧ್ಯಾಹ್ನ. ಎಂಟನೆಯ ಮನೆ, ಉಳಿದದ್ದು ಒಂದೇ ಜೀವ. ಆಗಲೇ ತಮ್ಮ ಒಳಗೆ ಬಂದು ಪಕ್ಕದಲ್ಲಿ ಕೂತ.

"ಇನ್ನೂ ಇದನ್ನೇ ಹಿಡ್ಕೊಂಡಿದ್ದೀಯಾ? ಕೊಡಕ್ಕಾ, ಕೊಡು. ಬಿಸಿಲಲ್ಲಿ ಬಂದಿದ್ದೀನಿ, ಒಂದು ಲೋಟ ನೀರು ತಾ." ಕೈ ಚಾಚಿಯೇಬಿಟ್ಟ.

ಕುಳ್ಳ ನೆಲ ಬಿಟ್ಟಿದ್ದ. ಅವಳು ನಡುವಿನ ಗುಂಡಿ ಒತ್ತಿದಳು.

"ಏಯ್, ಅದನ್ನ ಒತ್ತಬೇಡ!"

"ಯಾಕೆ? ಸುಟ್ಟೋಗುತ್ತಾ?"

ತಮ್ಮ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಪರದೆಯ ಮೇಲೆ ಕುಳ್ಳ ಗಾಳಿಯಲ್ಲೇ ನಿಂತಿದ್ದ, ಕಾಗೆ ಬುಟ್ಟಿಯಿಂದ ಒಂದು ಬೆರಳು ಹಿಂದೆ. ಅವಳು ಮುಂದಕ್ಕೆ ಬಾಗಿ, ಹೊಲಿಗೆ ಪರೀಕ್ಷಿಸುವವಳ ಹಾಗೆ ನೋಡಿದಳು. ಕುಳ್ಳನ ಕಾಲಡಿಯಲ್ಲಿ ಒಂದು ಸಣ್ಣ ಇಟ್ಟಿಗೆ ಇತ್ತು. ಇಷ್ಟು ವರ್ಷದಲ್ಲಿ ಅದನ್ನು ನೋಡುವ ಪುರುಸೊತ್ತೇ ಸಿಕ್ಕಿರಲಿಲ್ಲ.

"ನೀರು ಒಳಗಿದೆ. ನೀನೇ ತಗೋ" ಎಂದಳು.

ಅವನು ಏಳಲಿಲ್ಲ. ಅವಳು ನಡುವಿನ ಗುಂಡಿ ಮತ್ತೆ ಒತ್ತಿ ಆಟ ಶುರುಮಾಡಿ, ಜಿಗಿಯುವ ಗುಂಡಿಯಿಂದ ಬೆರಳು ತೆಗೆದಳು. ಕುಳ್ಳ ದಬ್ಬನೆ ಇಟ್ಟಿಗೆಯ ಮೇಲಿಳಿದ; ಕಾಗೆ ತಲೆಯ ಮೇಲಿಂದ ಹಾರಿಹೋಯಿತು. "ಹಾಳಾಗ್ ಹೋಗು!" ಎಂದು ಅದಕ್ಕೆ ಕೂಗಿ ಹೇಳಿ, ಇನ್ನೆರಡು ಜಿಗಿತದಲ್ಲಿ ಮನೆ ದಾಟಿಸಿದಳು.

ಅರಮನೆ ಬರಲಿಲ್ಲ. ರಾಜನೂ ಇಲ್ಲ, ಹಾರವೂ ಇಲ್ಲ. ಒಂದು ಗುಡಿಸಲು ಬಂತು. ಕುಳ್ಳ ಬುಟ್ಟಿ ಇಳಿಸಿ ಜಗಲಿಯ ಮೇಲೆ ಕೂತ. ಆಟ ಮುಗಿಯಿತು.

"ಅರೆ, ಇಷ್ಟೇನಾ?" ತಮ್ಮನ ಬಾಯಿಂದ ಜಾರಿಬಿಟ್ಟಿತು. "ಕೊನೆ ಹೀಗಿರುತ್ತಾ?"

ಕಾಜಾ ಅಕ್ಕ ರಿಮೋಟು ಕೆಳಗಿಟ್ಟು ಅವನತ್ತ ತಿರುಗಿದಳು.

"ಇಷ್ಟು ವರ್ಷ ನೀನು ಮುಗಿಸಿದ್ದು ಯಾವ ಆಟನಪ್ಪಾ?"

ಅವನು ಮೆಲ್ಲನೆ ನೀರಿಗೆಂದು ಏಳಹೋದ.

"ಫೋನ್ ತೆಗಿ. ಮೊದ್ಲು ಚಿಕ್ಕಮ್ಮಂಗೆ ಮಾಡು, ಆಮೇಲೆ ಅತ್ತೆಗೆ. ಆಟ ಗೆದ್ದಿದ್ದು ಯಾರು ಅಂತ ನಿನ್ನ ಬಾಯಲ್ಲೇ ಹೇಳು."

"ನೀರು ಕುಡಿದು ಮಾಡ್ಲಾ ಅಕ್ಕಾ?"

"ಮೊದ್ಲು ಫೋನು. ನೀರು ಆಮೇಲೆ."